ಹಣೆ ಹಿಡಿದ ಕೈ

ಸಾಯುವುದಕ್ಕೆ ರುದ್ರಾಣಿ ಅಷ್ಟೇನೂ ಹೆದರಿರಲಿಲ್ಲ; ಹೆದರಿದ್ದೆಲ್ಲ ವಾಂತಿಗೆ. ಬಾಯಿಬಿಟ್ಟು ಹೇಳಿದರೆ ಯಾರಾದರೂ ನಕ್ಕಾರು. ನಲವತ್ತಾರು ವರ್ಷದ ಹೆಂಗಸು, ಕಳಲೆಯಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ಅಡುಗೆಯವರ ಹಿಂದೆ ನಿಂತು ಹುಳಿಗೆ ಉಪ್ಪು ಸಾಕೋ ಸಾಲದೋ ನೋಡುವ ಗಟ್ಟಿಗಿತ್ತಿ, ನಂಜನಗೂಡಿನ ನರ್ಸಿಂಗ್ ಹೋಮಿನ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು, ಹೊಟ್ಟೆ ಕೊಯ್ಯುವುದಕ್ಕಲ್ಲ, ಕೊಯ್ದು ಎಬ್ಬಿಸಿದ ಮೇಲೆ ಬರುವ ವಾಂತಿಗೆ ನಡುಗುತ್ತಿದ್ದಾಳೆ ಎಂದರೆ ನಗದೆ ಇನ್ನೇನು ಮಾಡುತ್ತಾರೆ? ಪಿತ್ತಕೋಶದಲ್ಲಿ ಕಲ್ಲಾಗಿದೆ, ಚೀಲವನ್ನೇ ತೆಗೆಯಬೇಕು, ಮೂರು ಸಣ್ಣ ತೂತು ಅಷ್ಟೇ, ನಾಡಿದ್ದು ಮನೆಗೆ ಹೋಗಬಹುದು ಎಂದಿದ್ದರು. ಅದೆಲ್ಲ ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ತಲೆಯಲ್ಲಿ ಇದ್ದದ್ದು ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಇದೇ ಕಟ್ಟಡ, ಆಗ ಗೋಡೆಗೆ ಹಸಿರು ಬಣ್ಣ. ಅಪೆಂಡಿಕ್ಸ್ ಆಪರೇಷನ್ ಮಾಡಿ ಎಬ್ಬಿಸಿದ್ದೇ ತಡ, ಹೊಟ್ಟೆಯೊಳಗಿನದೆಲ್ಲ ಕಿತ್ತುಕೊಂಡು ಬಂದ ಹಾಗೆ ವಾಂತಿ. ಏನೂ ಇಲ್ಲದ ಹೊಟ್ಟೆಯಿಂದ ಹಸಿರು ನೀರು, ಒಂದೊಂದು ಸಲಕ್ಕೂ ಹೊಲಿಗೆ ಹರಿದೇ ಹೋಯಿತು ಎನ್ನುವ ನೋವು. ಕತ್ತಲಾಗುವ ತನಕ ಅದೇ. ಆವತ್ತು ಅವಳ ಹಣೆಯನ್ನು ಒಂದು ಕೈ ಹಿಡಿದುಕೊಂಡಿತ್ತು. ಆ ಕೈ ಈ ದಿನ ಬೆಳಿಗ್ಗೆ ಏಳೂ ಕಾಲಿಗೆ ಹೊಸ ದುಪ್ಪಟಿ ಹಿಡಿದುಕೊಂಡು ಕೋಣೆಯೊಳಕ್ಕೆ ಬಂತು.

ಮರಿತಾಯಮ್ಮ. ಕೂದಲು ಬೆಳ್ಳಗಾಗಿದೆ, ಮೊದಲಿಗಿಂತ ಸಣ್ಣಗಾಗಿದ್ದಾಳೆ, ನೀಲಿ ಸೀರೆಯ ಮೇಲೆ ಆಯಾಗಳ ಬಿಳಿ ಕೋಟು. “ವಸಿ ಏಳಿ ಅವ್ವಾ, ದುಪ್ಟಿ ಬದ್ಲಾಯ್ಸ್ಬೇಕು,” ಎಂದಳು. ಗುರುತು ಸಿಕ್ಕಿತೋ ಇಲ್ಲವೋ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ರುದ್ರಾಣಿ ಎದ್ದು ಕಿಟಕಿಯ ಹತ್ತಿರ ನಿಂತಳು. ಎಷ್ಟು ರೋಗಿಗಳು ಬಂದು ಹೋದರೋ, ಇವಳಿಗೆ ನನ್ನ ನೆನಪೆಲ್ಲಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಐದು ನಿಮಿಷವೂ ಬಾಳಲಿಲ್ಲ.

ಎಂಟು ಗಂಟೆಗೆ ಮಂಪರು ಕೊಡುವ ಡಾಕ್ಟರು ಬಂದರು. ಸಣ್ಣ ವಯಸ್ಸು, ಕನ್ನಡಕ, ಹೆಸರು ಸಿದ್ಧಾರ್ಥ, ಊರು ಟಿ. ನರಸೀಪುರ ಎಂದಾಗ ತನ್ನ ತವರಿನ ಕಡೆಯವರು ಎಂದು ಒಂದು ಕ್ಷಣ ಜೀವಕ್ಕೆ ಹಾಯೆನಿಸಿತು. ಮರುಕ್ಷಣವೇ ಮನಸ್ಸು, ಹಾಳಾದ್ದು, ಕೇಳದೆಯೇ ಇವರು ಯಾವ ಜನ ಎಂದು ಹುಡುಕಾಡತೊಡಗಿತು. ಇನ್ನೊಂದು ಗಂಟೆಗೆ ಪ್ರಾಣವನ್ನು ಯಾರ ಕೈಗೆ ಕೊಡಬೇಕೋ ಅವರ ಜಾತಿ ಹುಡುಕುವ ಮನಸ್ಸು! ಪ್ರತಿ ಗುರುವಾರ ಅಕ್ಕನ ಬಳಗದಲ್ಲಿ ಎಲ್ಲರೂ ಒಂದೇ ಎಂದು ತಾಳ ಹಾಕಿಕೊಂಡು ಹಾಡುವ ಬಾಯಿಯೂ ಇದೇ ಮೈಯಲ್ಲೇ ಇದೆಯಲ್ಲ ಎಂದು ನಾಚಿಕೆಯಾಯಿತು. ಡಾಕ್ಟರು ಹಾಳೆ ತೆಗೆದು ಕೇಳುತ್ತಾ ಹೋದರು. ಉತ್ತರ ಹೇಳಿದ್ದೆಲ್ಲ ಗಂಡ ನಂಜೇಶ. ಅವನು ಬಜಾರ್ ಬೀದಿಯ ಗೊಬ್ಬರದಂಗಡಿಯಲ್ಲಿ ಗಿರಾಕಿ ಬಾಯಿ ತೆರೆಯುವ ಮೊದಲೇ ಮೂಟೆ ಇಳಿಸುವ ಮನುಷ್ಯ. ಬಿಪಿ? ಇಲ್ಲ ಸಾ. ಶುಗರ್? ಇಲ್ಲ ಸಾ. “ಬಸ್ಸಲ್ಲಿ, ಕಾರಲ್ಲಿ ಹೋದ್ರೆ ವಾಂತಿ ಆಗುತ್ತಾ? ಹಿಂದೆ ಆಪರೇಷನ್ ಆದಾಗ ಆಗಿತ್ತಾ?”

“ಏ, ಅದೆಲ್ಲ ಏನೂ ಇಲ್ಲ ಸಾ. ಗಟ್ಟಿ ಆಳು ಇವಳು,” ಎಂದ ನಂಜೇಶ.

ರುದ್ರಾಣಿ ಅವನ ಮುಖ ನೋಡಿದಳು. ಮದುವೆಯಾದ ಹೊಸತರಲ್ಲಿ ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ, ಹೆಡತಲೆಯ ರಸ್ತೆ ಕಣ್ಣಿಗೆ ಬೀಳುವ ಮುಂಚೆಯೇ, ಅವನ ಹೊಸ ಬಿಳಿ ಪಂಚೆಯ ಮೇಲೆ ಅವಳು ವಾಂತಿ ಮಾಡಿಕೊಂಡಿದ್ದಳು. ಇಪ್ಪತ್ತಾರು ವರ್ಷದಿಂದ ನಾಲ್ಕು ಜನ ನೆಂಟರು ಸೇರಿದ ಕಡೆಯಲ್ಲೆಲ್ಲ ಅವನು ಅದನ್ನು ಹೇಳಿ ನಗಿಸಿದ್ದಾನೆ, ಬಸ್ಸಿನವರು ಇಳಿಸಿದ್ದು, ಪಂಚೆಯನ್ನು ಬೋರ್‌ವೆಲ್ಲಿನ ಹತ್ತಿರ ಹಿಂಡಿದ್ದು, ಒಂದೂ ಬಿಡದೆ. ಇವತ್ತೂ ಅವಳು ಎಲ್ಲಿಗೆ ಹೊರಟರೂ ಚೀಲದಲ್ಲಿ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು. ನಗಿಸಬೇಕಾದಾಗ ನೆನಪಿರುವುದು ಡಾಕ್ಟರು ಕೇಳಿದಾಗ ಮರೆತುಹೋಗುತ್ತದೆ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಗೆ ಒಂದು ಕೆಮ್ಮೂ ಇಲ್ಲ ಎನ್ನುವ ಹಾಗೆ ಏನೂ ಇಲ್ಲ ಎನ್ನುತ್ತಾನೆ. ಅಲ್ಲ, ಆಗುತ್ತೆ ಸಾರ್ ಎನ್ನಲು ಅವಳ ನಾಲಿಗೆ ಎದ್ದಿತ್ತು. ಗಂಡನ ಮಾತನ್ನು ಎದುರಿಗೇ ಸುಳ್ಳು ಮಾಡುವುದು ಹೇಗೆ ಎಂದು ಸುಮ್ಮನಾಯಿತು. “ರಾತ್ರಿ ಊಟ ಆದ್ಮೇಲೆ ಏನೂ ತಿಂದಿಲ್ಲ, ಕುಡಿದಿಲ್ಲ ತಾನೆ?” ಎಂದದ್ದಕ್ಕೆ ಮಾತ್ರ ಅವಳೇ ಹೇಳಿದಳು, “ಇಲ್ಲ.” ಅದು ಅವಳ ಮಟ್ಟಿಗೆ ಸತ್ಯವೇ ಆಗಿತ್ತು.

ಡಾಕ್ಟರು ಹಾಳೆ ಮಡಚುತ್ತಾ ಗಂಡನಿಗೆ ಹೇಳಿದರು: “ಯಾಕೆ ಅಷ್ಟು ಒತ್ತಿ ಕೇಳ್ತೀವಿ ಅಂದ್ರೆ, ಮಂಪರಲ್ಲಿ ಇದ್ದಾಗ ಹೊಟ್ಟೇಲಿರೋದು ಮೇಲಕ್ಕೆ ಬಂದ್ರೆ ಉಗುಳೋಕೂ ಆಗಲ್ಲ, ನುಂಗೋಕೂ ಆಗಲ್ಲ. ಸೀದಾ ಶ್ವಾಸಕೋಶಕ್ಕೆ ಇಳಿಯುತ್ತೆ. ಜೀವಕ್ಕೇ ಅಪಾಯ.” ಅವರು ಆಚೆ ಹೋದ ಮೇಲೆ ಆ ಮಾತು ಕೋಣೆಯಲ್ಲೇ ಉಳಿಯಿತು. ಆಮೇಲೆ ನಿಧಾನಕ್ಕೆ ರುದ್ರಾಣಿಯ ಕಣ್ಣ ಮುಂದೆ ಒಂದು ಬಾಳೆಹಣ್ಣು ಬಂದು ನಿಂತಿತು. ಹಿತ್ತಲಿನ ರಸಬಾಳೆ. ಬೆಳಗಿನ ಐದಕ್ಕೆ ಎದ್ದು ತಣ್ಣೀರು ಹಾಕಿಕೊಂಡು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿದ್ದಳು. ಆಪರೇಷನ್ ದಿನವೆಂದು ಇನ್ನೂ ಹೆಚ್ಚು ಭಕ್ತಿಯಿಂದಲೇ ಮಾಡಿದ್ದಳು. ಮೂರು ಸಲ ಪಾದೋದಕ, ಆಮೇಲೆ ನೈವೇದ್ಯದ ಹಣ್ಣು. ಲಿಂಗಕ್ಕೆ ತೋರಿಸಿದ್ದನ್ನು ಸ್ವೀಕರಿಸದೆ ಎದ್ದುಹೋಗುವುದುಂಟೇ? ಅದು ಹಸಿವಿಗೆ ತಿಂದದ್ದಲ್ಲ. ತಿಂದದ್ದೇ ಅಲ್ಲ. ಪೂಜೆಯಾಗದೆ ಹನಿ ನೀರು ಮುಟ್ಟದವಳಿಗೆ ಪೂಜೆಯ ಕೊನೆಯದೂ ಪೂಜೆಯೇ. ಇಷ್ಟೊತ್ತು ಹಾಗೇ ಇತ್ತು. ಈಗ ಆ ಹಣ್ಣು ಹೊಟ್ಟೆಯಲ್ಲಿ ಹಣ್ಣಾಗಿಯೇ ಕೂತಿದೆ, ಮೇಲೆ ಬರಲು ಹೊತ್ತು ಕಾಯುತ್ತಿದೆ ಎನಿಸಿತು.

ಮರಿತಾಯಮ್ಮ ಗಾಲಿಕುರ್ಚಿ ತಂದಳು. ಆಸ್ಪತ್ರೆಯ ಹಸಿರು ಗೌನು ಹಾಕಿಸಿ, ಬೆನ್ನ ಹಿಂದಿನ ದಾರ ಕಟ್ಟಿದಳು. “ಕೊರಳಲ್ಲಿರೋದ್ನ ತಗ್ದು ಯಜಮಾನ್ರಿಗೆ ಕೊಡ್ಬೇಕು ಕಣವ್ವಾ, ಒಳೀಕೆ ಬುಡಾಕಿಲ್ಲ,” ಎಂದಳೇ ಹೊರತು ಕೈ ಚಾಚಲಿಲ್ಲ. ಎರಡು ಹೆಜ್ಜೆ ಹಿಂದಕ್ಕೇ ಸರಿದು ನಿಂತಳು. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ರುದ್ರಾಣಿ ಕಣ್ಣಿಗೊತ್ತಿ ಗಂಡನ ಕೈಗಿಟ್ಟಳು. ಲಿಂಗಧಾರಣೆಯಾದಂದಿನಿಂದ ಎದೆಯ ಮೇಲಿದ್ದ ಭಾರ ಹೋಗಿ ಆ ಜಾಗ ಬತ್ತಲೆಯಾದಂತಾಯಿತು. ಮರಿತಾಯಮ್ಮ ಹಿಂದಕ್ಕೆ ಸರಿದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಹಾಗಾದರೆ ಗೊತ್ತಿದೆಯೇ ಇವಳಿಗೆ, ನಾನು ಯಾರೆಂದು? ಗಾಲಿಕುರ್ಚಿ ಓಣಿಯಲ್ಲಿ ಉರುಳಿತು. ನಂಜೇಶ ಹಿಂದೆಯೇ ಉಳಿದು ಫೋನಿನಲ್ಲಿ ಮಗಳು ಶಿವರಂಜನಿಗೆ, “ಒಳಗೆ ಕರ್ಕೊಂಡ್ ಹೋದ್ರು ಕಣಮ್ಮ, ಹತ್ತೂವರೆಗೆಲ್ಲ ಮುಗಿದುಹೋಗುತ್ತೆ,” ಎನ್ನುತ್ತಿದ್ದ.

“ಏನವ್ವಾ, ಇಂಗ್ಯಾಕ್ ಎದ್ರಿದೀರಿ?” ಎಂದಳು ಕುರ್ಚಿ ತಳ್ಳುತ್ತಿದ್ದವಳು.

“ಮರಿತಾಯಮ್ಮ,” ಎಂದಳು ರುದ್ರಾಣಿ. ಹೆಸರು ಬಾಯಿಂದ ಬಂದ ಮೇಲೆ, ತಾನು ಮರೆತಿಲ್ಲ ಎನ್ನುವುದನ್ನು ತಾನೇ ತೋರಿಸಿಕೊಟ್ಟ ಹಾಗಾಯಿತಲ್ಲ ಎನಿಸಿತು. “ಪ್ರಸಾದ ತಗೊಂಡ್ರೆ ಅದು ತಿಂದಂಗಾಗುತ್ತಾ?”

ಕುರ್ಚಿ ನಿಂತಿತು. “ಏನ್ ಪರ್ಸಾದ?”

“ಒಂದು ಬಾಳೆಹಣ್ಣು. ಬೆಳಿಗ್ಗೆ ಐದೂವರೆಗೆ.”

“ಅಯ್ಯೋ ನನ್ನವ್ವಾ! ಪರ್ಸಾದ ಅಂತ ಒಟ್ಟೆಗೇನ್ ಗೊತ್ತು? ಯೋಳ್ಬುಡಿ ಡಾಕ್ಟ್ರಿಗೆ.”

“ಬೇಡ, ಬೇಡ. ಯಾರಿಗೂ ಹೇಳ್ಬೇಡಿ. ಆಪರೇಷನ್ ನಿಲ್ಲಿಸಿಬಿಡ್ತಾರೆ.”

“ನಾನ್ಯಾಕೆ ಯೋಳ್ಲಿ? ನಿಮ್ ಬಾಯಿ, ನಿಮ್ ಒಟ್ಟೆ. ನೀವೇ ಯೋಳಿ. ಯೋಳೋಗಂಟ ಈ ಗಾಡಿ ಮುಂದಕ್ಕೋಗಾಕಿಲ್ಲ.” ಮರಿತಾಯಮ್ಮ ಕುರ್ಚಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಬಯ್ಯಲಿಲ್ಲ, ಸಿಟ್ಟು ಮಾಡಲಿಲ್ಲ. ಮುಂದೆ ಹತ್ತು ಹೆಜ್ಜೆಗೆ ಥಿಯೇಟರಿನ ಬಾಗಿಲು, ಅದರ ಮೇಲೆ ಕೆಂಪು ದೀಪ. ಹಿಂದೆ ಗಂಡನ ದನಿ. ಹೇಳಿದರೆ ಅವನು ಎಲ್ಲರೆದುರು ಏನೆನ್ನುತ್ತಾನೆ ಎನ್ನುವುದು ಅಕ್ಷರ ಅಕ್ಷರ ಗೊತ್ತು. ಇನ್ನು ಮೇಲೆ ಪಂಚೆಯ ಕತೆಯ ಹಿಂದೆಯೇ ಬಾಳೆಹಣ್ಣಿನ ಕತೆಯೂ ಬರುತ್ತದೆ, ಮಗಳ ಮದುವೆಯಲ್ಲಿ ಬೀಗರಿಗೂ ಹೇಳುತ್ತಾನೆ. ಹೇಳದಿದ್ದರೆ? ಒಂದೇ ಒಂದು ಹಣ್ಣು, ಕರಗಿಯೇ ಹೋಗಿರಬಹುದು. ಕರಗದಿದ್ದರೆ? ಉಗುಳಲೂ ಆಗದೆ ನುಂಗಲೂ ಆಗದೆ, ಮಲಗಿದ ಕಡೆಯೇ, ಯಾರ ಕೈಯೂ ಹಣೆಯ ಮೇಲಿಲ್ಲದೆ. ಕೆಂಪು ದೀಪ ಆರಿತು, ಬಾಗಿಲು ತೆರೆಯಿತು, ಸಿದ್ಧಾರ್ಥ ಡಾಕ್ಟರು ತಲೆಗೆ ಟೋಪಿ ಹಾಕಿಕೊಂಡು ಆಚೆ ಬಂದು “ಯಾಕೆ ನಿಂತ್ಬಿಟ್ರಿ?” ಎಂದರು. ಅವಳ ಬಾಯಿಂದ ಬಂದದ್ದು ಮಾತೂ ಅಲ್ಲ, ಅಳುವೂ ಅಲ್ಲ. “ಸಾರ್, ಬಾಳೆಹಣ್ಣು,” ಎಂದಳು. ಆಮೇಲೆ ಅಳು ಬಂದೇಬಿಟ್ಟಿತು.

ನಂಜೇಶ ಅವಳು ಅಂದುಕೊಂಡಂತೆಯೇ ಆಡಿದ. “ಬುದ್ಧಿ ಎಲ್ಲಿಟ್ಟಿದ್ಯೇ? ಓದಿದೋಳು ಅಂತ ಬೇರೆ! ಒಂದು ದಿನ ಹಣ್ಣು ಬಿಟ್ಟಿದ್ರೆ ಶಿವ ಮುನಿಸ್ಕೊಂಡ್ಬಿಡ್ತಿದ್ನಾ?” ಓಣಿಯ ಬೆಂಚುಗಳಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು, “ಯಜಮಾನ್ರೆ, ನೀವು ಹೋಗಿ ಒಂದು ಕಾಫಿ ಕುಡ್ಕೊಂಡು ಬನ್ನಿ. ಇನ್ನು ನಾನು ಇವರನ್ನೇ ಕೇಳ್ತೀನಿ,” ಎಂದು ಕಳಿಸಿ, ತಾವು ಬೆಂಚಿನ ತುದಿಯಲ್ಲಿ ಕೂತರು. “ಹೇಳಿದ್ದು ಒಳ್ಳೇದಾಯ್ತಮ್ಮ. ಮಧ್ಯಾಹ್ನ ಎರಡು ಗಂಟೆಗೆ ಹಾಕ್ಕೊಳ್ಳೋಣ, ಅಷ್ಟೊತ್ತಿಗೆ ಹೊಟ್ಟೆ ಖಾಲಿಯಾಗಿರುತ್ತೆ. ಈಗ ಮಿಕ್ಕಿದ್ದೂ ಹೇಳಿ. ಬಸ್ಸಲ್ಲಿ?” ಅವಳು ಹೇಳಿದಳು. ಪಂಚೆ, ನಿಂಬೆಹಣ್ಣು, ಕವರು, ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನ. ಒಂದನ್ನು ಮಾತ್ರ ಬಿಟ್ಟಳು. ಅದನ್ನು ಹೇಳಬೇಕಾದದ್ದು ಅವರಿಗಲ್ಲ, ಪಕ್ಕದಲ್ಲೇ ಗೋಡೆಗೊರಗಿ ನಿಂತಿದ್ದ ಮರಿತಾಯಮ್ಮನಿಗೆ.

“ಯಾಕಮ್ಮ ಮೊದಲೇ ಹೇಳ್ಲಿಲ್ಲ?”

“ನಾಚಿಕೆ ಸಾರ್.”

“ವಾಂತಿಗೆ ನಾಚಿಕೆ ಯಾಕೆ? ನಾವು ನಾಲ್ಕು ವಿಷಯ ನೋಡ್ತೀವಿ. ಹೆಂಗಸರಾ? ಬೀಡಿ, ಸಿಗರೇಟು ಸೇದದೆ ಇರೋರಾ? ಬಸ್ಸಲ್ಲೋ ಹಿಂದಿನ ಆಪರೇಷನ್ನಲ್ಲೋ ವಾಂತಿ ಆಗಿತ್ತಾ? ಆಮೇಲೆ ನೋವಿಗೆ ಜೋರು ಇಂಜೆಕ್ಷನ್ ಬೇಕಾಗುತ್ತಾ? ನಿಮಗೆ ನಾಲ್ಕಕ್ಕೆ ನಾಲ್ಕೂ ಇದೆ.”

“ಬೀಡಿ ಸೇದೋರಿಗೆ ವಾಂತಿ ಕಮ್ಮೀನಾ ಸಾರ್?”

“ಕಮ್ಮಿ. ಹಂಗಂತ ಶುರು ಮಾಡ್ಬೇಡಿ.” ಮರಿತಾಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ರುದ್ರಾಣಿಗೂ ಅಳುವಿನ ನಡುವೆಯೇ ನಗು ಬಂತು. ಗ್ಯಾಸಿನ ಬದಲು ನರಕ್ಕೆ ಹಾಕುವ ಔಷಧಿಯಲ್ಲೇ ಮಲಗಿಸುತ್ತೇನೆ, ಮಲಗಿಸುವಾಗ ಒಂದು, ಎಬ್ಬಿಸುವ ಮುಂಚೆ ಒಂದು ವಾಂತಿ ತಡೆಯುವ ಇಂಜೆಕ್ಷನ್, ನೋವಿನ ಜೋರು ಔಷಧಿ ಆದಷ್ಟೂ ಕಮ್ಮಿ, ಅದನ್ನೂ ಮೀರಿ ಬಂದರೆ ಬೇರೆ ಥರದ ಮೂರನೆಯದೊಂದಿದೆ ಎಂದು ಡಾಕ್ಟರು ಸಾವಧಾನವಾಗಿ ವಿವರಿಸಿದರು. “ಬರೋದೇ ಇಲ್ಲ ಅಂತ ಮಾತು ಕೊಡಲ್ಲ. ಆದ್ರೆ ಆವತ್ತಿನ ಹಾಗೆ ಬಿಡಲ್ಲ.” ಇಷ್ಟೇ ಮಾತು ಎಂಟು ಗಂಟೆಗೆ ಆಗಬಹುದಿತ್ತು. ತಾನು ಬಾಯಿ ತೆರೆದಿದ್ದರೆ.

ಎರಡು ಗಂಟೆಯ ತನಕ ಕೋಣೆಯಲ್ಲಿ ಬಿದ್ದುಕೊಂಡಿರುವುದು. ಕಿಟಕಿಯಾಚೆ ತಾಂಡ್ಯದ ಫ್ಯಾಕ್ಟರಿ ಬಸ್ಸುಗಳು ಹಾರ್ನ್ ಹೊಡೆದುಕೊಂಡು ಹೋದವು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಹನ್ನೊಂದು ವರ್ಷದ ಹಿಂದೆಯೂ ಹೀಗೇ ಒಣಗಿತ್ತು, ಹಸಿರು ಗೋಡೆ, ಆರನೆಯ ಸಲವೋ ಏಳನೆಯ ಸಲವೋ ವಾಂತಿ ನಿಂತಿತ್ತು, ಅತ್ತೆ ಬಟ್ಟೆ ತರಲು ಮನೆಗೆ ಹೋಗಿದ್ದರು. ಆಮೇಲೆ ಆದದ್ದನ್ನು ಅವಳು ಎಷ್ಟು ವರ್ಷ ಅತ್ತೆಯ ಮೇಲೆ ಹಾಕಲು ನೋಡಿದಳು, ಆದರೆ ಆಗ ಅತ್ತೆ ಅಲ್ಲಿ ಇರಲಿಲ್ಲ. ಕೋಣೆಯಲ್ಲಿ ಇದ್ದದ್ದು ಇಬ್ಬರೇ. ಮರಿತಾಯಮ್ಮ ತೊಡೆಯ ಮೇಲೆ ಟ್ರೇ ಇಟ್ಟುಕೊಂಡು ಒಂದು ಕೈಯಿಂದ ಅವಳ ಹಣೆಯನ್ನು ಗಟ್ಟಿಯಾಗಿ ಹಿಡಿದಿದ್ದಳು, ತಾಯಿ ಹಿಡಿಯುವ ಹಾಗೆ, ತಲೆ ಸಿಡಿದುಹೋಗದ ಹಾಗೆ. ಬಾಯಿ ಒರೆಸಿದಳು, ಕೂದಲಿಗೆ ಮೆತ್ತಿದ್ದನ್ನು ಬಿಸಿನೀರಲ್ಲಿ ತೊಳೆದಳು. ಡಾಕ್ಟರು ಈಗ ಗುಟುಕು ನೀರು ಕೊಡಿ ಎಂದ ಮೇಲೆ ಸ್ಟೀಲ್ ಲೋಟದಲ್ಲಿ ನೀರು ತಂದು ತುಟಿಯ ಹತ್ತಿರ ಹಿಡಿದಳು. ರುದ್ರಾಣಿ ಮುಖ ಗೋಡೆಯ ಕಡೆಗೆ ತಿರುಗಿಸಿದಳು. “ಬೇಡ, ಮನೆಯಿಂದ ತರ್ತಾರೆ,” ಎಂದಳು. ಕೇರಿಯವಳು ಎಂದು ಅತ್ತೆ ಬೆಳಿಗ್ಗೆಯೇ ವಿಚಾರಿಸಿ ತಿಳಿದು ಕಿವಿಯಲ್ಲಿ ಹೇಳಿದ್ದರು. ಹಣೆಗೆ ಆಗಿದ್ದ ಕೈ ಬಾಯಿಗೆ ಆಗಲಿಲ್ಲ. ಲೋಟ ಹಿಡಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮರಿತಾಯಮ್ಮ ಆ ನೀರನ್ನು ತಾನೇ ಕುಡಿದು, ಲೋಟ ತೊಳೆದಿಟ್ಟು, ನೆಲ ಒರೆಸಲು ಕೂತಳು. ಇವತ್ತು ಅದೇ ಹೆಂಗಸು ಹೇಳದೆ ಗಾಡಿ ಮುಂದಕ್ಕೆ ಹೋಗದು ಎಂದು ನಿಂತಳಲ್ಲ, ಸುಮ್ಮನೆ ತಳ್ಳಿಕೊಂಡು ಹೋಗಿದ್ದರೆ ಯಾರು ಕೇಳುತ್ತಿದ್ದರು? ಎದ್ದರೆ, ದೇವರು ಎಬ್ಬಿಸಿದರೆ, ಮೊದಲ ಗುಟುಕು ಆ ಕೈಯಿಂದಲೇ ಎಂದು ರುದ್ರಾಣಿ ನಿಶ್ಚಯಿಸಿಕೊಂಡಳು. ನಿಶ್ಚಯಿಸಿಕೊಂಡ ಮೇಲೂ ಹೆದರಿಕೆ ಕಡಿಮೆಯಾಗಲಿಲ್ಲ, ಹರಕೆ ಹೊತ್ತವರಿಗೆ ಜ್ವರ ಇಳಿಯದಿದ್ದ ಹಾಗೆ.

ದೀಪಗಳು, ತಣ್ಣನೆಯ ಮೇಜು, ಮುಖದ ಮೇಲೆ ಮಾಸ್ಕು, ಡಾಕ್ಟರ ದನಿ, “ನರಸೀಪುರದಲ್ಲಿ ನಿಮ್ಮ ಮನೆ ಎಲ್ಲಮ್ಮ?” ಹೇಳಲು ಹೊರಟಳು. ಬಸ್‌ಸ್ಟ್ಯಾಂಡಿನಿಂದ ಎಡಕ್ಕೆ ಎಂದಳೋ, ಎನ್ನಬೇಕೆಂದುಕೊಂಡಳೋ. ಬಸ್ಸು ತಿರುವಿನಲ್ಲಿ ವಾಲಿತು, ಪಕ್ಕದಲ್ಲಿ ಬಿಳಿ ಪಂಚೆ, ನಿಲ್ಲಿಸಿ ನಿಲ್ಲಿಸಿ ಎಂದು ಕೂಗುತ್ತಿದ್ದಾಳೆ, ಕಂಡಕ್ಟರಿಗೆ ಕೇಳಿಸುತ್ತಿಲ್ಲ. “ರುದ್ರಾಣಿಯವ್ರೆ, ಕಣ್ಣು ಬಿಡಿ. ಆಪರೇಷನ್ ಮುಗೀತು.” ನರ್ಸ್ ಕೋಮಲಳ ದನಿ. ಕಣ್ಣು ಬಿಟ್ಟರೆ ಛಾವಣಿ ಮೆಲ್ಲಗೆ ಸುತ್ತುತ್ತಿತ್ತು. ಬದುಕಿದ್ದೇನೆ ಎಂದು ತಿಳಿಯುವುದಕ್ಕೂ ಬಾಯಲ್ಲಿ ನೀರೂರುವುದಕ್ಕೂ ಸರಿಹೋಯಿತು. ಬಂತು, ಬಂದೇ ಬಂತು. ಹೊಟ್ಟೆಯ ಆಳದಿಂದ ಅದು ಮೇಲಕ್ಕೆ ತೆವಳಿತು, ಮೈಯೆಲ್ಲ ತಣ್ಣನೆ ಬೆವರು. ಅವಳು ಕೈಗೆ ಸಿಕ್ಕ ದುಪ್ಪಟಿ ಹಿಡಿದುಕೊಂಡು ಶಿವನೇ ಶಿವನೇ ಎಂದಳು. ಆಗ ಹಣೆಯ ಮೇಲೆ ಒಂದು ಕೈ ಬಂತು. ಒರಟು ಅಂಗೈ, ಫಿನಾಯಿಲ್ ವಾಸನೆ. “ಮೂಗಲ್ಲಿ ಉಸ್ರಾಡ್ಕಳಿ ಅವ್ವಾ. ಏನಿಲ್ಲ, ಏನಿಲ್ಲ. ನಾನಿವ್ನಿ.” ಕೋಮಲ ಡಾಕ್ಟರನ್ನು ಕೂಗಿದಳು, ಅವರು ಮೂರನೆಯದು ಕೊಡಿ ಎಂದರು, ಕೈನರದಲ್ಲಿ ಏನೋ ತಣ್ಣಗೆ ಹರಿಯಿತು. ಗಂಟಲಿಗೆ ಬಂದದ್ದು ಅಲ್ಲಿಯೇ ನಿಂತು, ತಿಣುಕಾಡಿ, ಒಂದು ತೇಗಾಗಿ ಹೋಯಿತು. ಹಣೆಯ ಮೇಲಿನ ಕೈ ಅದಾದ ಮೇಲೂ ಇನ್ನಷ್ಟು ಹೊತ್ತು ಇತ್ತು. ಛಾವಣಿ ಸುತ್ತುವುದು ನಿಂತಿತು.

“ಮರಿತಾಯಮ್ಮ,” ಎಂದಳು. ದನಿ ಯಾರದೋ ಎನ್ನುವ ಹಾಗಿತ್ತು. “ನೀರು ಕೊಡಿ. ನಿಮ್ಮ ಕೈಯಿಂದಲೇ ಕೊಡಿ.”

ಮರಿತಾಯಮ್ಮ ಅವಳ ಮುಖವನ್ನು ನೋಡಿದಳು. ಬೆಳಿಗ್ಗೆಯಿಂದ ಮೊದಲ ಸಲ ನೋಡುತ್ತಿದ್ದಾಳೆ ಎನಿಸಿತು. “ಆರ್ ಗಂಟೆಗಂಟ ಕೊಡಂಗಿಲ್ಲ ಅಂದವ್ರೆ ಕಣವ್ವಾ. ಈಗ ಕೊಟ್ರೆ ತಿರ್ಗಾ ವಾಂತಿಯಾಯ್ತದೆ.” ಹಣೆಯಿಂದ ಕೈ ತೆಗೆದು ದುಪ್ಪಟಿಯನ್ನು ಎದೆಯ ತನಕ ಎಳೆದಳು. “ನನ್ ಡ್ಯೂಟಿ ನಾಕಕ್ಕೇ ಮುಗೀತು, ನೀವ್ ಕಣ್ ಬುಡ್ಲಿ ಅಂತ ನಿಂತಿದ್ದೆ. ಬಸ್ಸು ಓಯ್ತದೆ. ಆಮ್ಯಾಕೆ ನಿಮ್ಮೋರ್ ಕೈಲೇ ಕುಡೀರಿ. ಅವತ್ತೂ ಮನೆಯಿಂದ್ಲೇ ತಂದಿದ್ರಲ್ಲ.” ಚುಚ್ಚಿ ಆಡಿದ ಮಾತಲ್ಲ ಅದು. ಗೊತ್ತಿದ್ದುದನ್ನು ಗೊತ್ತಿದ್ದ ಹಾಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ತಡೆಯಬೇಕು, ಏನಾದರೂ ಹೇಳಬೇಕು ಎಂದು ರುದ್ರಾಣಿಯ ಒಳಗೆಲ್ಲ ಕೂಗಾಯಿತು. ಹೊರಗೆ ಬಂದದ್ದು ಇನ್ನೊಂದು ಸಣ್ಣ ತೇಗು.

ಆರು ಗಂಟೆಗೆ ಕೋಮಲ ಬಂದು, ಒಂದೊಂದೇ ಗುಟುಕು ಕುಡಿಸಬಹುದು ಎಂದಳು. ನಂಜೇಶ ಚೀಲದಿಂದ ಸ್ಟೀಲ್ ಬಾಟಲಿ ತೆಗೆದ. ಬೆಳಗಿನ ಸಿಟ್ಟೆಲ್ಲ ಇಳಿದುಹೋಗಿತ್ತು, ಮುಖದಲ್ಲಿ ಹೆದರಿ ದಣಿದ ಗುರುತಿತ್ತು. ಅವನ ಜೇಬಿನಲ್ಲಿ ಕರಡಿಗೆ ಉಬ್ಬಿ ಕಾಣುತ್ತಿತ್ತು, ಮಧ್ಯಾಹ್ನವೆಲ್ಲ ಅದನ್ನು ಹಿಡಿದುಕೊಂಡೇ ಕೂತಿದ್ದಿರಬೇಕು. “ಮನೆ ನೀರೇ ತಂದಿದೀನಿ, ಕುಡಿ,” ಎಂದ.

“ಮರಿತಾಯಮ್ಮ ಹೋಗ್ಬಿಟ್ರಾ?”

“ಯಾರದು?”

“ಆಯಾನಾ?” ಎಂದಳು ಕೋಮಲ. “ಅವ್ರ ನರಸೀಪುರದ ಬಸ್ಸು ಆಗ್ಲೇ ಹೋಯ್ತು. ಇನ್ನು ಸೋಮವಾರ ಬರೋದು, ಎರಡು ದಿನ ರಜ.”

ನಾಡಿದ್ದು ಮನೆಗೆ. ಸೋಮವಾರ ತಾನಿಲ್ಲಿರುವುದಿಲ್ಲ. ರುದ್ರಾಣಿ ಮುಖ ಗೋಡೆಯ ಕಡೆಗೆ ತಿರುಗಿಸಿದಳು. “ಬೇಡ,” ಎಂದಳು. ಬಾಯಿಂದ ಬಿದ್ದ ಮೇಲೆ ಆ ಮಾತನ್ನೂ ಆ ತಿರುಗಿದ ಕತ್ತನ್ನೂ ಅವಳು ಗುರುತು ಹಿಡಿದಳು. “ತಲೆ ಕೆಟ್ಟಿದೆಯೇನೇ? ಬೆಳಿಗ್ಗೆಯಿಂದ ಒಣಗ್ತಾ ಇದೀಯ,” ಎಂದು ನಂಜೇಶ ಲೋಟಕ್ಕೆ ಬಗ್ಗಿಸಿದ. ನೀರು ಬೀಳುವ ಸದ್ದು ಕೇಳಿಸಿತು. ಹತ್ತು ನಿಮಿಷ ತಡೆದಳೋ, ಅಷ್ಟೂ ಇಲ್ಲವೋ. ಕಡೆಗೆ ತಲೆ ಎತ್ತಿ ಕುಡಿದಳು, ಒಂದು ಗುಟುಕು ಎಂದದ್ದನ್ನು ಎರಡು ಕುಡಿದಳು. ಕುಡಿದು, ಕಣ್ಣು ಮುಚ್ಚಿಕೊಂಡು, ಬೆಳಿಗ್ಗೆಯಿಂದ ಬೇಡ ಬೇಡ ಎಂದು ಶಿವನನ್ನು ಬೇಡಿಕೊಂಡ ಆ ವಾಂತಿ ಈಗ ಬರಲಿ, ಬಂದುಬಿಡಲಿ ಎಂದು ಕಾದಳು. ನೀರು ತಣ್ಣಗೆ ಇಳಿದು ಹೊಟ್ಟೆಯಲ್ಲಿ ಕೂತಿತು. ಹಣೆಯ ಮೇಲೆ ಫ್ಯಾನಿನ ಗಾಳಿ ಮಾತ್ರ ಬೀಸುತ್ತಿತ್ತು.

“ನೋಡಿದ್ಯಾ?” ಎಂದ ನಂಜೇಶ, ಲೋಟ ಕೆಳಗಿಡುತ್ತಾ. “ಏನೂ ಆಗ್ಲಿಲ್ಲ.”